ಅಳಿಯನ ಫೈಲು

ನನ್ನ ಅಕ್ಕನ ಮಗ 2025ರ ಮಳೆಗಾಲದಲ್ಲಿ ತೀರಿಕೊಂಡ. ಅವನಿಗೆ 29 ವರ್ಷ. ಮದುವೆ ಆಗಿರಲಿಲ್ಲ. ಕಾಯಿಲೆಯ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಮುಂಬಯಿಯಲ್ಲಿ ಜೋರು ಮಳೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಆ ನೀರಿಗೆ ಇಲಿಯ ಮೂತ್ರ ಸೇರಿರುತ್ತದೆ. ಕಾಲಲ್ಲಿ ಸಣ್ಣ ಗಾಯ ಇದ್ದರೂ ಸಾಕು, ಇಲಿ ಜ್ವರ ಹಿಡಿಯಬಹುದು. ಅವನ ಹಿಮ್ಮಡಿಯಲ್ಲಿ ಬೂಟು ಕಚ್ಚಿದ ಗಾಯ ಇತ್ತು. ಜ್ವರದ ಮಾತ್ರೆ ನುಂಗಿಕೊಂಡು ಆಫೀಸಿಗೆ ಹೋಗುತ್ತಲೇ ಇದ್ದ. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಅಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು. ನಿಂತ ನೀರಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಎಂದು ಕೇಳಿ ಅಂತ ಮುಂಬಯಿ ಪಾಲಿಕೆಯವರು ಮಳೆಗಾಲದಲ್ಲಿ ಹೇಳುತ್ತಾರೆ. ದಯವಿಟ್ಟು ಕೇಳಿ.

ನಾನು ಹೇಳಹೊರಟದ್ದು ಅದರ ನಂತರದ ಓಡಾಟದ ಕಥೆ. ನಮ್ಮದು ಅಳಿಯಕಟ್ಟಿನ ಕುಟುಂಬ, ಅಂದರೆ ವಂಶ ತಾಯಿಯ ಕಡೆಯಿಂದ, ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಸಾಗುವ ಪದ್ಧತಿ. ಊರಿನ ಲೆಕ್ಕದಲ್ಲಿ ಮಾವ ಹೋದಾಗ ಅಳಿಯ ಮುಂದೆ ನಿಂತು ಎಲ್ಲ ನೋಡಿಕೊಳ್ಳಬೇಕು. ಇಲ್ಲಿ ಅಳಿಯನ ಕಾಗದಪತ್ರ ಹಿಡಿದು ಮಾವ ಓಡಾಡಿದ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಸಿ ಜನ ಎದ್ದು ಹೋದ ಮೇಲೂ ಬ್ಯಾಂಕು, ಪಿಎಫ್, ಇನ್‌ಶೂರೆನ್ಸ್, ಇನ್‌ಕಮ್ ಟ್ಯಾಕ್ಸ್, ಎಲ್ಲ ಕಡೆ ಅವನು ಇದ್ದೇ ಇದ್ದ. ಒಂದೊಂದು ಕೌಂಟರಿಗೂ ಹೋಗಿ ಅವನು ಇಲ್ಲ ಅಂತ ಹೇಳಬೇಕಿತ್ತು.

ಕೆಲವರಿಗೆ ಇದು ಸರಿ ಕಾಣಲಿಲ್ಲ. "ಬೂದಿ ಆರಿಲ್ಲ, ಆಗಲೇ ದುಡ್ಡಿನ ಮಾತಾ?" ಅಂತ ಊರಲ್ಲಿ ಒಬ್ಬರು ಅಂದರು. ನನಗೆ ಆ ಮಾತು ಸಿಟ್ಟು ತರಿಸಿತು. ಈಗಲೂ ತರಿಸುತ್ತದೆ. ಆ ದುಡ್ಡು ಅವನು ದುಡಿದದ್ದು. ಯಾರಿಗೆ ಸೇರಬೇಕು ಅಂತ ಅವನೇ ಬರೆದಿಟ್ಟಿದ್ದ. ಅದನ್ನು ತಲುಪಿಸದೆ ಫೋಟೋಗೆ ಹಾರ ಹಾಕಿ ಕೂತರೆ ಏನು ಬಂತು?

ಅವನು ಮುಂಬಯಿಗೆ ಬಂದದ್ದು 2012ರಲ್ಲಿ. ಹದಿನಾರು ವರ್ಷ. ಕುಂದಾಪುರದ ಹತ್ತಿರದ ಹಳ್ಳಿ ನಮ್ಮದು. ಬಾವ ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು. ಹುಡುಗ ಹತ್ತನೇ ಕ್ಲಾಸಿನಲ್ಲಿದ್ದಾಗ ಅವರು ಹೋದರು. ಮನೆಗೆ ಹೆಂಚು ಹೊದೆಸಲು ಸೊಸೈಟಿಯಲ್ಲಿ ಸಾಲ ಎತ್ತಿದ್ದರು. ಅದು ಬಡ್ಡಿ ಸೇರಿ ಬೆಳೆದಿತ್ತು. ಅಕ್ಕ ಬೀಡಿ ಕಟ್ಟುತ್ತಿದ್ದಳು. ತಂಗಿ ಇನ್ನೂ ಸಣ್ಣವಳು. ಪರೀಕ್ಷೆ ಮುಗಿಸಿದವನೇ ಮತ್ಸ್ಯಗಂಧ ರೈಲು ಹತ್ತಿ ಕುರ್ಲಾದಲ್ಲಿ ಇಳಿದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಅಕ್ಕ ಕೊಟ್ಟ ಹಪ್ಪಳದ ಕಟ್ಟು.

ಆಗ ನಾವಿದ್ದದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ, ಒಂದೇ ಕೋಣೆ. ಅತ್ತೆ ಮಾವನೂ ಜೊತೆಗಿದ್ದರು. ಸ್ವಲ್ಪ ದಿನ ನಮ್ಮಲ್ಲೇ ಇದ್ದ. ಆಮೇಲೆ ತಾನಾಗಿಯೇ, "ಮಾವ, ಬೆಳಿಗ್ಗೆ ಐದಕ್ಕೆ ಡ್ಯೂಟಿ, ಇಲ್ಲಿಂದ ಆಗುದಿಲ್ಲ, ಹೋಟ್ಲಲ್ಲೇ ಮಲಗ್ತೆ" ಅಂದ. ಮಾಟುಂಗಾದ ಆ ಹೋಟೆಲಿನ ಕಿಚನ್ ಮೇಲಿನ ಅಟ್ಟದಲ್ಲಿ ಆರೇಳು ಹುಡುಗರು ಮಲಗುತ್ತಿದ್ದರು. ಇವನು ಮೊದಲು ಟೇಬಲ್ ಒರೆಸಿದ, ಆಮೇಲೆ ಮಾಣಿಯಾದ, ಆಮೇಲೆ ಸೇಠ್ ಇವನನ್ನು ಗಲ್ಲಾದಲ್ಲಿ ಕೂರಿಸಿದರು.

ಹಿಂದಿನ ತಲೆಮಾರಿನ ಹೋಟೆಲ್ ಹುಡುಗರಿಗೆ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ಲೋಟ ತೊಳೆದು ರಾತ್ರಿ ಓದಿ ಬ್ಯಾಂಕ್ ಮ್ಯಾನೇಜರ್ ಆದವರು, ವಕೀಲರಾದವರು ಇಲ್ಲಿ ಎಷ್ಟೋ ಜನ ಸಿಗುತ್ತಾರೆ. ಇವನ ಕಾಲಕ್ಕೆ ಆ ಶಾಲೆಗಳ ಗಲಾಟೆ ಇಳಿದಿತ್ತು. ಇವನು ಇಂಗ್ಲಿಷ್ ಮೀಡಿಯಮ್ಮಿನ ರಾತ್ರಿ ಜೂನಿಯರ್ ಕಾಲೇಜು ಸೇರಿದ. ಕನ್ನಡದಲ್ಲಿ ಓದಿದವನಿಗೆ ಅದು ಸುಲಭ ಇರಲಿಲ್ಲ. ಅಕೌಂಟ್ಸ್ ಮಾತ್ರ ಬೇಗ ಹತ್ತಿತು, ಅಂಕಿಗೆ ಭಾಷೆ ಬೇಡ ಅಂತಿದ್ದ. ಹನ್ನೆರಡನೇ ಕ್ಲಾಸ್ ಒಮ್ಮೆ ಡುಮ್ಕಿ ಹೊಡೆದ. ಮತ್ತೆ ಕಟ್ಟಿ ಪಾಸಾದ. ಬಿಕಾಂ ಮಾಡಿದ್ದು ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ. ಕಲಿನಾಕ್ಕೆ ಹೋಗಿ ಪುಸ್ತಕದ ಕಟ್ಟು ಹೊತ್ತುಕೊಂಡು ಬರುತ್ತಿದ್ದ. ಜೊತೆಗೆ ದಾದರಿನಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿತ. 2018ರಲ್ಲಿ ಅಂಧೇರಿಯ ಒಂದು ಸರಕು ಸಾಗಾಟದ ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಆಗ ಡೊಂಬಿವಲಿ ಪೂರ್ವದಲ್ಲಿ, ನಮ್ಮ ಮನೆಯ ಹತ್ತಿರವೇ, ಒಂದು ಕೋಣೆ ಮತ್ತು ಅಡುಗೆಮನೆಯ ಜಾಗ ಬಾಡಿಗೆಗೆ ಹಿಡಿದ.

ಆ ಮನೆಯ ಕಪಾಟಿನಲ್ಲಿ ಸಿಕ್ಕಿದ್ದೇ ಈ ಫೈಲು. ನೀಲಿ ಪ್ಲಾಸ್ಟಿಕ್ ಫೈಲು, ಒಳಗೆ ಜೇಬುಗಳು. ಒಂದೊಂದು ಜೇಬಿಗೂ ಕನ್ನಡದಲ್ಲಿ ಚೀಟಿ ಅಂಟಿಸಿದ್ದ: ಬ್ಯಾಂಕು, ಪಿಎಫ್, ಇನ್‌ಶೂರೆನ್ಸ್, ಊರಿನ ಮನೆ. ಇಂಗ್ಲಿಷಿನಲ್ಲಿ ಯಾಕೆ ಬರೆದಿಲ್ಲ ಅಂತ ನಾನು ಯೋಚಿಸಿದೆ. ಉತ್ತರ ಸುಲಭ. ಇದನ್ನು ಯಾವತ್ತಾದರೂ ತೆರೆಯಬೇಕಾಗಿ ಬಂದರೆ ತೆರೆಯುವವಳು ಅಕ್ಕ. ಅವಳಿಗೆ ಕನ್ನಡ ಮಾತ್ರ ಓದಲು ಬರುತ್ತದೆ.

ಮೊದಲ ಕೆಲಸ ಡೆತ್ ಸರ್ಟಿಫಿಕೇಟ್. ನಾವು ಡೊಂಬಿವಲಿಯವರು, ಅಂದರೆ ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಸೇರಿದವರು. ಆದರೆ ಅವನು ಹೋದದ್ದು ಮುಂಬಯಿಯ ಆಸ್ಪತ್ರೆಯಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ, ಮನೆ ಎಲ್ಲಿದ್ದರೂ ಲೆಕ್ಕಕ್ಕಿಲ್ಲ. 21 ದಿನದೊಳಗೆ ನೋಂದಣಿ ಆಗಬೇಕು ಅಂತ 1969ರ ಕಾಯ್ದೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಆದ ಸಾವನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ, ಹಾಗಾಗಿ ಅದಕ್ಕೆ ಓಡಾಟ ಇಲ್ಲ. ಆದರೆ ಅವರು ಬರೆದು ಕಳಿಸಿದ ಕಾಗದದಲ್ಲಿ ಅವನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಒಂದೇ ಅಕ್ಷರ. ಸರ್ಟಿಫಿಕೇಟಿನಲ್ಲೂ ಅದೇ ಬಂತು. ಆ ಒಂದು ಅಕ್ಷರ ತಿದ್ದಿಸದಿದ್ದರೆ ಮುಂದಿನ ಯಾವ ಕೌಂಟರಿನಲ್ಲೂ ಕೆಲಸ ಆಗುವುದಿಲ್ಲ. ಆಸ್ಪತ್ರೆಯ ರೆಕಾರ್ಡ್ ರೂಮಿನಿಂದ ತಿದ್ದುಪಡಿಯ ಪತ್ರ, ಆಧಾರ್ ಪ್ರತಿ, ಅರ್ಜಿ ಎಲ್ಲ ಹಿಡಿದು ವಾರ್ಡ್ ಕಚೇರಿಗೆ ಅಲೆದಾಯಿತು. ನಿಮಗೆ ಈ ಕೆಲಸ ಎಂದೂ ಬಾರದಿರಲಿ. ಬಂದರೆ, ಆಸ್ಪತ್ರೆ ಬಿಡುವ ಮೊದಲೇ ಆ ಕಾಗದದ ಹೆಸರನ್ನು ಆಧಾರ್ ಕಾರ್ಡಿನ ಜೊತೆ ಇಟ್ಟು ಓದಿ. ಆ ಹೊತ್ತಿನಲ್ಲಿ ಓದುವ ಸ್ಥಿತಿ ಇರುವುದಿಲ್ಲ, ಗೊತ್ತು. ಪಕ್ಕದ ಮನೆಯವರಿಗಾದರೂ ಹೇಳಿ. ಪ್ರತಿಗಳನ್ನು ಕೈತುಂಬಾ ತೆಗೆದುಕೊಳ್ಳಿ. ಎಲ್ಲರೂ ಒಂದೊಂದು ಮೂಲಪ್ರತಿ ನೋಡಬೇಕು ಅನ್ನುತ್ತಾರೆ.

ಎರಡನೆಯದು ಅವನ ಮೊಬೈಲು. ಸಿಮ್ ಬಂದ್ ಮಾಡಿಸಿಬಿಡೋಣ ಅಂತ ಮನೆಯಲ್ಲಿ ಮಾತು ಬಂದಿತ್ತು. ರಿಂಗ್ ಆದಾಗಲೆಲ್ಲ ಅಕ್ಕ ಬೆಚ್ಚಿಬೀಳುತ್ತಿದ್ದಳು. ಬೇಡ ಅಂದದ್ದು ನಮ್ಮ ಕೆಳಗಿನ ಮೊಬೈಲ್ ಅಂಗಡಿಯ ಹುಡುಗ. "ಅಂಕಲ್, ಆಂಟಿಯ ಆಧಾರಿಗೆ ಯಾವ ನಂಬರ್ ಇದೆ ನೋಡಿದ್ರಾ?" ನೋಡಿದರೆ ಅವನದೇ ನಂಬರ್. ಅಕ್ಕನ ಆಧಾರ್, ಅಕ್ಕನ ಊರಿನ ಬ್ಯಾಂಕ್ ಖಾತೆ, ಗ್ಯಾಸ್ ಬುಕಿಂಗ್, ತಂಗಿಯ ಸ್ಕಾಲರ್‌ಶಿಪ್, ಎಲ್ಲದರ ಒಟಿಪಿ ಬರುವುದು ಅವನ ಫೋನಿಗೆ. ಊರಿನ ಇಡೀ ಮನೆಯನ್ನು ಅವನು ಅಂಧೇರಿಯ ಆಫೀಸಿನಲ್ಲಿ ಕೂತು ನಡೆಸುತ್ತಿದ್ದ. ಪ್ರಿಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿಯವರು ಬಂದ್ ಮಾಡಬಹುದು. ಹಾಗಾಗಿ ರೀಚಾರ್ಜ್ ಹಾಕಿಸಿ ಇಟ್ಟುಕೊಂಡೆವು.

ಅಕ್ಕನ ಆಧಾರಿಗೆ ಅವನ ತಂಗಿಯ ನಂಬರ್ ಜೋಡಿಸಲು ಆಧಾರ್ ಕೇಂದ್ರಕ್ಕೆ ಹೋದೆವು. ಅಲ್ಲಿ ಇನ್ನೊಂದು ತಾಪತ್ರಯ. ಮೂವತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳು. ಗೆರೆ ಸವೆದುಹೋಗಿದೆ. ಮಿಷನ್ ಒಂದು ಬೆರಳನ್ನೂ ಓದಲಿಲ್ಲ. ಒರೆಸಿ, ಒತ್ತಿ, ಮತ್ತೆ ಒರೆಸಿ ಸಾಕಾಯಿತು. ಕೊನೆಗೆ ಕಣ್ಣಿನ ಪಾಪೆ ತೋರಿಸಿ ಕೆಲಸ ಮುಗಿಸಿದರು.

ಆ ಫೋನಿಗೆ ಬರುತ್ತಿದ್ದ ಮೆಸೇಜುಗಳನ್ನು ಸೊಸೆ ನೋಡುತ್ತಿದ್ದಳು. ಸೊಸೆ ಅಂದರೆ ಅವನ ತಂಗಿ, ನಮ್ಮಲ್ಲಿ ಅಕ್ಕನ ಮಗಳನ್ನು ಹಾಗೇ ಕರೆಯುವುದು. "ಅಣ್ಣ, ಪಿಎಫ್ ಪಾಸ್‌ವರ್ಡ್ ಮರೆತುಹೋಯ್ತು." "ಅಣ್ಣ, ಹಳೇ ಕಂಪನಿಯ ದುಡ್ಡು ಹೊಸ ಖಾತೆಗೆ ಬರ್ಲಿಲ್ಲ." "ಅಣ್ಣ, ಈ ಭಾನುವಾರ ಇರ್ತೀರಾ?" ಸುದ್ದಿ ತಲುಪದ ಹುಡುಗರು. ಭಾನುವಾರ ಅವನ ಕೋಣೆಯಲ್ಲಿ ಹೋಟೆಲ್ ಹುಡುಗರು ಸೇರುತ್ತಾರೆ ಅಂತ ನನಗೆ ಗೊತ್ತಿತ್ತು. ಇಸ್ಪೀಟು ಆಡ್ತಾರೆ ಅಂದುಕೊಂಡಿದ್ದೆ. ಅವನು ಅವರ ಯುಎಎನ್, ಅಂದರೆ ಪಿಎಫ್ ನಂಬರ್, ತೆಗೆದುಕೊಡುತ್ತಿದ್ದ, ಬಿಟ್ಟುಬಂದ ಕೆಲಸಗಳ ಪಿಎಫ್ ಒಟ್ಟುಗೂಡಿಸಿಕೊಡುತ್ತಿದ್ದ, ನಾಮಿನಿ ಹಾಕಿಸುತ್ತಿದ್ದ. ಫೀಸು ಒಂದು ಪೊಟ್ಟಣ ಗೋಳಿಬಜೆ. ಸೊಸೆ ಒಬ್ಬೊಬ್ಬರಿಗೂ ಅಣ್ಣ ಇಲ್ಲ ಅಂತ ಬರೆದಳು. ಸ್ವಲ್ಪ ಹೊತ್ತಿನಲ್ಲಿ ಅವರಲ್ಲಿ ಒಬ್ಬ ಫೋನ್ ಮಾಡಿದ. ಅಳುತ್ತಾ ಅಳುತ್ತಾ, "ಅಕ್ಕ, ಡೆತ್ ಕ್ಲೇಮ್ ಹೇಗೆ ಹಾಕೋದು ಅಂತ ಅಣ್ಣ ನಂಗೆ ಕಲಿಸಿದಾರೆ, ನಾನು ಬರ್ತೇನೆ" ಅಂದ. ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್. ಪಿಎಫ್ ಕೆಲಸದಲ್ಲಿ ನಮ್ಮ ಜೊತೆ ಕೊನೆಯತನಕ ನಿಂತವನು ಅವನು.

ಪಿಎಫ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಬಹಳ ಮನೆಯವರು ಅರ್ಧ ದುಡ್ಡನ್ನು ಕೇಳದೇ ಬಿಟ್ಟುಬಿಡುತ್ತಾರೆ. ನೌಕರಿಯಲ್ಲಿರುವಾಗ ಸತ್ತವರ ಮನೆಗೆ ಮೂರು ಬಾಬ್ತು ಸೇರುತ್ತದೆ. ಒಂದು, ಖಾತೆಯಲ್ಲಿ ಕೂಡಿದ ದುಡ್ಡು, ಅದಕ್ಕೆ ಫಾರ್ಮ್ 20. ಎರಡು, ತಿಂಗಳ ಪಿಂಚಣಿ, ಅದಕ್ಕೆ 10ಡಿ. ಮೂರು, ಇಡಿಎಲ್‌ಐ ಅನ್ನುವ ಇನ್‌ಶೂರೆನ್ಸ್, ಅದಕ್ಕೆ 5ಐಎಫ್. ಈಗ ಮೂರನ್ನೂ ಸೇರಿಸಿ ಒಂದೇ ಕಾಂಪೋಸಿಟ್ ಫಾರ್ಮ್ ಮಾಡಿದ್ದಾರೆ. ಈ ಮೂರನೆಯದು ಇದೆ ಅಂತಲೇ ನೌಕರರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ಅದರ ಕಂತು ಸಂಬಳದಲ್ಲಿ ಕಡಿತ ಆಗುವುದಿಲ್ಲ, ಕಂಪನಿಯೇ ಕಟ್ಟುತ್ತದೆ. 2021ರಿಂದ ಅದರ ಮಿತಿ 7 ಲಕ್ಷ ರೂಪಾಯಿ. ಲೆಕ್ಕ ಹೀಗೆ: ಕೊನೆಯ ವರ್ಷದ ಸರಾಸರಿ ಸಂಬಳ, ಅದೂ 15,000ದ ಮಿತಿಯೊಳಗೆ, ಅದರ 35 ಪಟ್ಟು. ಅದು 5.25 ಲಕ್ಷ. ಮೇಲೆ ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧ, ಅದು 1.75 ಲಕ್ಷ ಮೀರುವಂತಿಲ್ಲ. ನಮಗೆ 7 ಮುಟ್ಟಲಿಲ್ಲ, 6 ದಾಟಿತು.

ಇದೆಲ್ಲ ಸಲೀಸಾಗಿ ಆದದ್ದು ಅವನು ಇ-ನಾಮಿನೇಷನ್ ಮಾಡಿಟ್ಟಿದ್ದ ಕಾರಣಕ್ಕೆ. ಅದು ಇದ್ದರೆ ನಾಮಿನಿಯೇ ಆನ್‌ಲೈನಿನಲ್ಲಿ ಕ್ಲೇಮ್ ಹಾಕಬಹುದು. ನಾಮಿನಿಯ ಜಾಗದಲ್ಲಿ ಅಕ್ಕನ ಹೆಸರು, ಪಕ್ಕದಲ್ಲಿ ಅಕ್ಕನ ಫೋಟೋ. ಹಿಂದೆ ಬಿಳಿ ಬಟ್ಟೆ. ಅಕ್ಕ ನೋಡಿದವಳೇ ಗುರುತು ಹಿಡಿದಳು. "ಇದ್ ಚೌತಿಗೆ ಬಂದಾಗ ತೆಗ್ದದ್ದ್. ಪಂಚೆ ಒಣ್ಗ್ಸುಕೆ ಹಾಕಿತ್ತ್, ಅದ್ರೆದ್ರಿಗೆ ನಿಲ್ಸಿದ. ಎಂತಕ್ಕ ಅಂದ್ರೆ ಸುಮ್ನೆ ನಿಲ್ಲಮ್ಮ, ನಗ್ಬೇಡ ಅಂದ." ಫೋಟೋದಲ್ಲಿ ಅಕ್ಕ ನಗು ತಡೆದುಕೊಂಡದ್ದು ಕಾಣುತ್ತದೆ.

ಸೊಸೆಗೆ ಒಂದು ಬೇಸರ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಪಿಎಫ್‌ನಲ್ಲಿ ತನ್ನ ಹೆಸರು ಯಾಕಿಲ್ಲ ಅಂತ. ಠಾಣೆಯ ಹುಡುಗ ಬಿಡಿಸಿ ಹೇಳಿದ. ಪಿಎಫ್ ನಿಯಮದಲ್ಲಿ ಗಂಡಸಿನ ಕುಟುಂಬ ಅಂದರೆ ಹೆಂಡತಿ, ಮಕ್ಕಳು, ಅವನನ್ನು ಅವಲಂಬಿಸಿದ ತಂದೆ ತಾಯಿ, ತೀರಿಕೊಂಡ ಮಗನ ಹೆಂಡತಿ ಮಕ್ಕಳು. ಅಣ್ಣ ತಮ್ಮ ಅಕ್ಕ ತಂಗಿ ಅದರಲ್ಲಿ ಬರುವುದಿಲ್ಲ. ತಾಯಿ ಇರುವಾಗ ತಂಗಿಯ ಹೆಸರು ಹಾಕಿದ್ದರೆ ನಾಮಿನೇಷನ್ನೇ ಬಿದ್ದುಹೋಗುತ್ತಿತ್ತು. ತಂಗಿಗೆ ಎಲ್ಲಿ ಜಾಗ ಇಡಬಹುದೋ ಅಲ್ಲಿ ಇಟ್ಟಿದ್ದ. ಅದು ಬ್ಯಾಂಕಿನಲ್ಲಿ. ಅವಳು ಉಡುಪಿಯಲ್ಲಿ ನರ್ಸಿಂಗ್ ಓದುತ್ತಾಳೆ. ಉಳಿದ ವರ್ಷಗಳ ಫೀಸಿಗೆ ಸರಿಹೋಗುವ ಹಾಗೆ ಬೇರೆ ಬೇರೆ ಅವಧಿಯ ಎಫ್‌ಡಿಗಳು. ಒಂದೊಂದೂ ಫೀಸು ಕಟ್ಟುವ ತಿಂಗಳಿಗೆ ಮೊದಲು ಮುಗಿಯುವಂಥವು. ನಾಮಿನಿ ಅವಳೇ.

ಪಿಎಫ್‌ನಲ್ಲಿ ಒಂದು ತೊಡಕು ಬಂತು. ಅಕ್ಕನ ಹೆಸರು ಊರಿನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೊನೆಗೆ ಅಮ್ಮ ಸೇರಿ ಇದೆ, ಆಧಾರಿನಲ್ಲಿ ಅಮ್ಮ ಇಲ್ಲದೆ ಇದೆ. ದುಡ್ಡು ಹೋಗುವ ಖಾತೆಯ ಹೆಸರೂ ಆಧಾರ್ ಹೆಸರೂ ಒಂದೇ ಇರಬೇಕು. ಅದನ್ನು ಸರಿಮಾಡಲು ಅಕ್ಕ ಊರಿಗೆ ಹೋಗಿ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಬಂದಳು. ಅವಳಿಗೆ ಇದು ಹೊಸದೇನಲ್ಲ. ಬೀಡಿ ಕೆಲಸದವರಿಗೂ ಪಿಎಫ್ ಇದೆ, ಹಿಂದೆ ಅವಳ ಸ್ವಂತ ಪಿಎಫ್ ದುಡ್ಡಿಗೂ ಇದೇ ಹೆಸರಿನ ರಗಳೆ ಆಗಿತ್ತಂತೆ. ಫಾರ್ಮ್ ವಿಷಯದಲ್ಲಿ ನನಗಿಂತ ಅವಳೇ ವಾಸಿ. ನಾನು ಸಿಟ್ಟಿಗೇಳುತ್ತೇನೆ, ಅವಳು ಕೂತು ಕಾಯುತ್ತಾಳೆ.

ಬ್ಯಾಂಕಿನ ಕಥೆ ಬೇರೆ. ಯಾವ ಬ್ಯಾಂಕು ಅಂತ ಹೇಳುವುದಿಲ್ಲ. ಕೌಂಟರಿನಲ್ಲಿದ್ದವರು ಸೀದಾ "ಕೋರ್ಟಿನಿಂದ ಸಕ್ಸೆಶನ್ ಸರ್ಟಿಫಿಕೇಟ್ ತನ್ನಿ" ಅಂದರು, ಅಂದರೆ ವಾರಸುದಾರರು ಯಾರು ಅನ್ನುವ ಪ್ರಮಾಣಪತ್ರ. ನಾಮಿನಿ ಇದ್ದಾಗ ಅದನ್ನು ಕೇಳುವಂತಿಲ್ಲ. ರಿಸರ್ವ್ ಬ್ಯಾಂಕಿನ ಸೂಚನೆ ಸ್ಪಷ್ಟವಾಗಿದೆ: ಡೆತ್ ಸರ್ಟಿಫಿಕೇಟ್, ಕ್ಲೇಮ್ ಫಾರ್ಮ್, ನಾಮಿನಿಯ ಗುರುತಿನ ಚೀಟಿ ಇಷ್ಟು ಸಾಕು, ಕಾಗದ ಎಲ್ಲ ಕೊಟ್ಟ ಮೇಲೆ 15 ದಿನದಲ್ಲಿ ಮುಗಿಸಬೇಕು. ಇದನ್ನು ಮ್ಯಾನೇಜರ್ ಎದುರು ಕೂತು ಮೆಲ್ಲಗೆ ಹೇಳಿದ ಮೇಲೆ ಕೆಲಸ ನಡೆಯಿತು. ಅದಕ್ಕೆ ಮೊದಲು ಹಿತೈಷಿಯೊಬ್ಬರು, "ಪಿನ್ ಗೊತ್ತಿದ್ರೆ ಎಟಿಎಮ್ಮಿನಿಂದ ತೆಗೆದುಬಿಡಿ, ಯಾರಿಗೆ ಗೊತ್ತಾಗ್ತದೆ" ಅಂದಿದ್ದರು. ಸೊಸೆಗೆ ಪಿನ್ ಗೊತ್ತಿತ್ತು. ಅವಳು ಮುಟ್ಟಲಿಲ್ಲ. ಖಾತೆದಾರ ಹೋದ ಮೇಲೆ ಹಾಗೆ ತೆಗೆಯುವುದು ತಪ್ಪು, ಮುಂದೆ ಯಾರಾದರೂ ತಕರಾರು ಎತ್ತಿದರೆ ಉತ್ತರ ಕೊಡುವುದು ಕಷ್ಟ.

ತಕರಾರು ಬಂದೇ ಬಂತು. ಬಾವನ ಕಡೆಯ ಹಿರಿಯರೊಬ್ಬರು, ಹುಡುಗನ ದುಡ್ಡಲ್ಲಿ ಅಪ್ಪನ ಮನೆಗೂ ಪಾಲಿಲ್ವಾ ಅಂತ ಕೇಳಿದರು. ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆಯಾಗದ ಮಗ ವಿಲ್ ಬರೆಯದೆ ಹೋದರೆ ಮೊದಲ ದರ್ಜೆಯ ವಾರಸುದಾರಳು ತಾಯಿ. ತಂದೆ ಕೂಡ ಎರಡನೇ ದರ್ಜೆ. ಅಣ್ಣ ತಮ್ಮ ಅಕ್ಕ ತಂಗಿಯರೂ ಎರಡನೇ ದರ್ಜೆ. ತಾಯಿ ಇರುವಾಗ ಬೇರೆಯವರ ಸರದಿ ಬರುವುದೇ ಇಲ್ಲ. ಬ್ಯಾಂಕಿನ ನಾಮಿನಿ ಅಂದರೆ ದುಡ್ಡನ್ನು ಪಡೆದು ವಾರಸುದಾರರಿಗೆ ಒಪ್ಪಿಸುವವರು ಅಷ್ಟೇ, ಮಾಲೀಕರಲ್ಲ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಎಫ್‌ಡಿ ಸೊಸೆಯ ಕೈಗೆ ಬಂದರೂ ಅಕ್ಕನದ್ದೇ. ಅಕ್ಕ ಅದನ್ನು ಕೇಳಿ, "ನಂದಾರೆ ಅವ್ಳ್‌ದೆ, ಅವ್ಳ್‌ದಾರೆ ನಂದೆ, ಓದ್ಲಿ" ಅಂದಳು. ಇನ್‌ಶೂರೆನ್ಸ್‌ನಲ್ಲಿ ಮಾತ್ರ 2015ರಿಂದ ನಿಯಮ ಬೇರೆ. ಅಲ್ಲಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ದುಡ್ಡು ಅವರದ್ದೇ ಆಗುತ್ತದೆ. ಅಂದಹಾಗೆ, ಬ್ಯಾಂಕ್ ಖಾತೆಗೆ ನಾಲ್ವರನ್ನು ನಾಮಿನಿ ಮಾಡುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ. ಅವನು ಇದ್ದಿದ್ದರೆ ಮೊದಲ ದಿನವೇ ಹೋಗಿ ಫಾರ್ಮ್ ತುಂಬುತ್ತಿದ್ದ.

ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಸಾಲು ಸಾಲು ಓದಿ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ಫೈಲಿನಲ್ಲಿ ಇಲ್ಲದ ಒಂದು ವಿಷಯ ನಮಗೆ ಸಿಕ್ಕಿದ್ದು ಅಲ್ಲಿ. ಮೇ ತಿಂಗಳ ಕೊನೆಗೆ 436 ರೂಪಾಯಿ ಕಡಿತ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವರ್ಷದ ಕಂತು. ಜೂನ್ 1ರಿಂದ ಮುಂದಿನ ಮೇ 31ರ ತನಕ 2 ಲಕ್ಷದ ವಿಮೆ, ಯಾವ ಕಾರಣದಿಂದ ಸತ್ತರೂ ಸಿಗುತ್ತದೆ. ಪಕ್ಕದಲ್ಲೇ 20 ರೂಪಾಯಿ ಕಡಿತ ಕಂಡರೆ ಅದು ಅಪಘಾತದ ವಿಮೆ, ನಮ್ಮ ಕೇಸಿಗೆ ಅದು ಬರುವುದಿಲ್ಲ. ಬ್ಯಾಂಕಿನವರು ತಾವಾಗಿ ಇದನ್ನು ಹೇಳಲಿಲ್ಲ.

ಸಾಲವೂ ಒಂದಿತ್ತು. ಸೊಸೆಗೆ ಕೊಡಿಸಿದ ಲ್ಯಾಪ್‌ಟಾಪಿನ ಕಂತು. ಹಣಕಾಸು ಕಂಪನಿಯ ಕಡೆಯವನೊಬ್ಬ ಅಕ್ಕನಿಗೆ ಫೋನ್ ಮಾಡಿ ಹಿಂದಿಯಲ್ಲಿ ಜೋರು ಮಾಡಿದ. ಅವಳಿಗೆ ಹಿಂದಿ ಬರುವುದಿಲ್ಲ, ಬೈಗುಳದ ಧಾಟಿ ಮಾತ್ರ ಅರ್ಥ ಆಯಿತು. ಸತ್ತವರ ಸಾಲಕ್ಕೆ ವಾರಸುದಾರರು ಹೊಣೆ ನಿಜ, ಆದರೆ ಸತ್ತವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ತಮ್ಮ ಸ್ವಂತ ಕೈಯಿಂದ ಕೊಡಬೇಕಿಲ್ಲ. ಜಾಮೀನು ಹಾಕಿದ್ದರೆ ಮಾತ್ರ ಬೇರೆ ಮಾತು. ನಾವು ಅವನ ದುಡ್ಡು ಬಂದ ಮೇಲೆ ಬಾಕಿ ಕಟ್ಟಿ, ಸಾಲ ಮುಗಿದ ಪತ್ರ ಬರೆಸಿಕೊಂಡೆವು. ಅವನು ಯಾರ ಬಾಕಿಯನ್ನೂ ಇಟ್ಟುಕೊಂಡವನಲ್ಲ. ಫೈಲಿನ 'ಊರಿನ ಮನೆ' ಜೇಬಿನಲ್ಲಿ ಸೊಸೈಟಿ ಸಾಲ ತೀರಿದ ಪತ್ರ ಇತ್ತು, ಲ್ಯಾಮಿನೇಟ್ ಮಾಡಿಸಿದ್ದ. ಡಿಗ್ರಿ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಇಲ್ಲ, ಇದಕ್ಕಿದೆ.

ಫೈಲಿನ ಜೊತೆ ಒಂದು ಉದ್ದ ಲೆಕ್ಕದ ಪುಸ್ತಕವೂ ಇತ್ತು. ಆಫೀಸಿನಲ್ಲಿ ಮಾಡುವ ಹಾಗೇ ಮನೆಗೂ ಲೆಡ್ಜರ್ ಬರೆಯುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಖಾತೆ. 'ಅಮ್ಮ' ಅನ್ನುವ ಪುಟದಲ್ಲಿ ಕಣ್ಣಿನ ಪೊರೆಯ ಆಪರೇಷನ್, ಚಳಿಗಾಲಕ್ಕೆ ಸ್ವೆಟರ್, ಮಿಕ್ಸಿ. 'ತಂಗಿ' ಪುಟದಲ್ಲಿ ಫೀಸು, ಯೂನಿಫಾರ್ಮ್, ಹಾಸ್ಟೆಲು. 'ನಾನು' ಅನ್ನುವ ಪುಟ ಬಹಳ ಸಣ್ಣದು. ಟ್ರೇನ್ ಪಾಸು, ಚಪ್ಪಲಿ, ಕಟಿಂಗು. ಮಳೆಗಾಲದ ತಿಂಗಳುಗಳಲ್ಲಿ ಮಾತ್ರ ಆ ಪುಟ ಸ್ವಲ್ಪ ತುಂಬುತ್ತದೆ. ಊರಿನ ಯಕ್ಷಗಾನ ಕಲಾವಿದರು ತಿರುಗಾಟ ಇಲ್ಲದ ಆ ದಿನಗಳಲ್ಲಿ ಮುಂಬಯಿಗೆ ಬಂದು ಆಟ ಆಡುತ್ತಾರಲ್ಲ, ಅದರ ಟಿಕೆಟ್ಟುಗಳು. ಚಂಡೆ ಕೇಳಿದರೆ ಅವನಿಗೆ ಆಫೀಸು, ಲೆಕ್ಕ ಯಾವುದೂ ನೆನಪಿರುತ್ತಿರಲಿಲ್ಲ. ರಾತ್ರಿ ಆಟ ನೋಡಿ, ಬೆಳಗಿನ ಲೋಕಲ್ಲಿನಲ್ಲಿ ನಿಂತೇ ನಿದ್ದೆ ಮಾಡುತ್ತಾ ಬರುತ್ತಿದ್ದ.

'ಮಾವ' ಅಂತಲೂ ಒಂದು ಪುಟ ಇತ್ತು. ತೆರೆಯುವ ಧೈರ್ಯ ನನಗೆ ಆಗಲಿಲ್ಲ, ಸೊಸೆಯೇ ಓದಿದಳು. 2012ರಲ್ಲಿ ನಮ್ಮ ಚಾಳಿನಲ್ಲಿದ್ದಾಗಿನ ಊಟದ ಲೆಕ್ಕದಿಂದ ಶುರು. ಅಂದಾಜಿನ ಮೇಲೆ ಬರೆದಿದ್ದಾನೆ, ದಿನಕ್ಕೆ ಎರಡು ಊಟ. ಕಲ್ಯಾಣದಲ್ಲಿ ನಾನು ಕೊಡಿಸಿದ ಛತ್ರಿ. ಹನ್ನೆರಡನೇ ಕ್ಲಾಸಿಗೆ ಮತ್ತೆ ಕಟ್ಟಿದ ಪರೀಕ್ಷೆ ಫೀಸು. ಎದುರಿನ ಕಾಲಮ್ಮಿನಲ್ಲಿ ಅವನು ಕೊಟ್ಟದ್ದು: ನಮ್ಮ ಮನೆಗೆ ತಂದ ಫ್ಯಾನು, ನನ್ನ ಹೆಂಡತಿಯ ಕಾಲು ಮುರಿದಾಗ ಆಸ್ಪತ್ರೆಯಲ್ಲಿ ಕಟ್ಟಿದ ದುಡ್ಡು, ನನ್ನ ಮಗನ ಸೈಕಲ್ಲು. ಆ ಲೆಕ್ಕದಲ್ಲಿ ಅವನು ಎಂದೋ ನನಗಿಂತ ಜಾಸ್ತಿ ಕೊಟ್ಟು ಮುಗಿಸಿದ್ದ. ಆದರೂ ಕೆಳಗೆ ಗೆರೆ ಎಳೆದಿರಲಿಲ್ಲ. ಬೇರೆ ಎಲ್ಲ ಪುಟದಲ್ಲೂ ವರ್ಷದ ಕೊನೆಗೆ ಗೆರೆ ಎಳೆದು ಬಾಕಿ ತೆಗೆದಿದ್ದಾನೆ, ಇದರಲ್ಲಿ ಇಲ್ಲ. ನನಗೆ ಅವನ ಮೇಲೆ ಸಿಟ್ಟೇ ಬಂತು. ಊಟದ ಲೆಕ್ಕ ಇಡ್ತಾರೇನೋ? ಅವನಿದ್ದಿದ್ದರೆ, "ಮಾವ, ನೀವ್ ಸುಮ್ನೆ ಇರಿ, ಅಕೌಂಟ್ಸ್ ನಿಮ್ಗೆ ತಿಳಿಯುದಿಲ್ಲ" ಅನ್ನುತ್ತಿದ್ದ.

ಪುಸ್ತಕ ಈಗ ಅಕ್ಕನ ಹತ್ತಿರ ಇದೆ. ಕೆಲವು ಕೆಲಸ ಇನ್ನೂ ನಡೆಯುತ್ತಿದೆ. ಅವನ ಕೊನೆಯ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಬೇಕು. ಸತ್ತ ದಿನದವರೆಗಿನ ಆದಾಯಕ್ಕೆ ವಾರಸುದಾರರು ರಿಟರ್ನ್ ಹಾಕಬೇಕಾಗುತ್ತದೆ, ಅದಕ್ಕೆ ಅಕ್ಕನನ್ನು ಪೋರ್ಟಲಿನಲ್ಲಿ ವಾರಸುದಾರಳೆಂದು ನೋಂದಾಯಿಸಬೇಕು. ಮೊದಲೇ ಕಡಿತವಾದ ತೆರಿಗೆ (ಟಿಡಿಎಸ್) ವಾಪಸ್ ಬರಲಿಕ್ಕಿದೆ, ಅದು ಬಂದ ಮೇಲೆ ಪ್ಯಾನ್ ಒಪ್ಪಿಸಬೇಕು. ಮೊದಲೇ ಒಪ್ಪಿಸಿದರೆ ರಿಟರ್ನ್ ಹಾಕುವುದು ಹೇಗೆ, ಅಲ್ವಾ?

ಪಿಂಚಣಿಯ ಆದೇಶ ಬಂತು. 2014ರಿಂದ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಅಂತ ನಿಯಮ ಇದೆ. ಅಕ್ಕನಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಜೀವ ಇರುವ ತನಕ ಬರುತ್ತದೆ, ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು ಅಂತ ವಿವರಿಸಿದೆ. "ನಾ ಅವ್ನ ಕಂಪ್ನಿಯಂಗೆ ಕೆಲ್ಸ ಮಾಡ್ಲಿಲ್ಲ, ನಂಗ್ ಎಂತಕ್ಕ್ ಪೆನ್ಶನ್?" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, ಪ್ರಮಾಣಪತ್ರಕ್ಕೆ ಮತ್ತೆ ಬೆರಳು ಒತ್ತಬೇಕಾ ಅಂತ ಕೇಳಿದಳು. ಮುಖ ತೋರಿಸಿದರೂ ಆಗುತ್ತದೆ, ಮೊಬೈಲಿನಲ್ಲೇ ಆಗುತ್ತದೆ ಅಂದಮೇಲೆ ಸಮಾಧಾನ ಆಯಿತು.

ಉಳಿದದ್ದು ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳಿಗೆ ಕಂಪನಿ ಒಟ್ಟಿಗೆ ಕೊಡುವ ದುಡ್ಡು. ನೌಕರಿಯಲ್ಲಿರುವಾಗ ಸತ್ತರೆ ಐದು ವರ್ಷದ ಷರತ್ತು ಇಲ್ಲ. ಅವನದ್ದಂತೂ ಐದು ವರ್ಷ ದಾಟಿತ್ತು. ಕೊನೆಯ ಮೂಲ ಸಂಬಳಕ್ಕೆ ತುಟ್ಟಿಭತ್ಯೆ ಇದ್ದರೆ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಆಯಿತು. ಕಂಪನಿಯವರು ಕಳಿಸಿದ ಲೆಕ್ಕದಲ್ಲಿ ಒಂದು ವರ್ಷ ಕಡಿಮೆ ಹಿಡಿದಿದ್ದಾರೆ. ಆರು ತಿಂಗಳು ಮೀರಿದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು. ಠಾಣೆಯ ಹುಡುಗ ನೋಡಿದ ಕೂಡಲೇ ಹೇಳಿದ. ಸೋಮವಾರ ಅವನಿಗೆ ರಜೆ. ಇಬ್ಬರೂ ಅಂಧೇರಿಗೆ ಹೋಗಿ ಕೇಳಿ ಬರುತ್ತೇವೆ.